ಹನ್ನೆರಡು ರೊಟ್ಟಿಯ ವ್ಯತ್ಯಾಸ

ಯಾದಗಿರಿಯಲ್ಲಿ ನಾನು ಪಾಠ ಹೇಳುವ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹೋದ ತಿಂಗಳು ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. ವರ್ಗಮೂಲ ಹಾಕುವ ಫಂಕ್ಷನ್ನನ್ನು, ಅಂದರೆ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವ ಸಾಲುಗಳನ್ನು, ತಾನೇ ಬರೆದು, ಅದರ ಉತ್ತರವನ್ನು ಪುಸ್ತಕದ ಉತ್ತರದ ಜೊತೆ ತಾಳೆ ನೋಡುತ್ತಿದ್ದಳು. ಪರದೆಯ ತುಂಬ ತಪ್ಪು, ತಪ್ಪು ಎಂದು ಕೆಂಪು ಸಾಲು.

"ಮೇಡಂ, ನೋಡಾಕ ಎರಡೂ ಒಂದs ಅದಾವ್ರಿ. ಮಿಷನ್ನು ಮಾತ್ರ ಬ್ಯಾರೆ ಬ್ಯಾರೆ ಅನ್ನಾಕತ್ತದ."

ದಶಾಂಶದ ಸಂಖ್ಯೆಗಳನ್ನು ಕಂಪ್ಯೂಟರು ನಮ್ಮ ಹಾಗೆ ಪೂರ್ತಿ ಇಟ್ಟುಕೊಳ್ಳಲಾರದು, ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಎರಡು ಉತ್ತರ ಸಮ ಇವೆಯೇ ಎಂದು ಕೇಳಬಾರದು, ಸಾಕಷ್ಟು ಹತ್ತಿರ ಇವೆಯೇ ಎಂದು ಕೇಳಬೇಕು ಎಂದೆ. ಹುಡುಗಿ ಚುರುಕು. ನಾನು ಇನ್ನೊಂದು ಮೇಜಿಗೆ ಹೋಗಿ ಬರುವುದರೊಳಗೆ, ವ್ಯತ್ಯಾಸ 0.01ಕ್ಕಿಂತ ಕಡಿಮೆ ಇದ್ದರೆ ಸರಿ ಎಂದು ಒಂದು ಸಾಲು ಸೇರಿಸಿದ್ದಳು. ಕೆಂಪೆಲ್ಲ ಹೋಗಿ ಪರದೆ ಹಸಿರಾಗಿತ್ತು.

"ಎಲ್ಲಾ ಪಾಸ್ ಆದವ್ರಿ ಮೇಡಂ!"

ಅವಳ ಮುಖದ ಆ ಖುಷಿ ನೋಡಿ, ಆ ಹೊಸ ಸಾಲಿನ ಮೇಲೆ ಬೆರಳಿಟ್ಟೆ. "ಅಳಿಸು ಅದನ್ನ" ಎಂದು ಜೋರಾಗಿಯೇ ಗದರಿದೆ. ಹುಡುಗಿ ಬೆಚ್ಚಿದಳು. ತರಗತಿ ಪೂರ್ತಿ ನನ್ನ ಕಡೆ ತಿರುಗಿತು. ಆಮೇಲೆ ಕ್ಷಮೆ ಕೇಳಿದೆ ಅನ್ನಿ. ಆದರೆ ಯಾಕೆ ಗದರಿದೆ ಎಂದು ಹೇಳಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಅದೇ ಖುಷಿ ಬಹಳ ವರ್ಷದ ಹಿಂದಿನ ಒಂದು ಹಿಂಗಾರಿನಲ್ಲಿ ನನ್ನ ಮುಖದ ಮೇಲೂ ಇತ್ತು. ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ದಾರಿಯ ಆಸುಪಾಸಿನಲ್ಲಿ ಕಾಲುವೆ ಕೆಲಸದವರ ಒಂದು ಕ್ಯಾಂಪು. ಅದರ ಹೆಸರು ಬೇಡ. ತಪ್ಪು ಊರಿನದಲ್ಲ, ಕಚೇರಿಯದೂ ಅಲ್ಲ, ಹೆಚ್ಚಿನದು ನನ್ನದು. ಡಿಪ್ಲೊಮಾ ಮುಗಿಸಿ ಒಂದು ವರ್ಷವಾಗಿತ್ತು. ನಮ್ಮಪ್ಪ ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರು. ನಮ್ಮ ಕೇರಿಯಿಂದ ಆಫೀಸಿನ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು ನಾನು. ನನಗೆ ಕೆಲಸ ಸಿಕ್ಕ ದಿನ ಅಪ್ಪ ಬುದ್ಧನ ಪಟದ ಮುಂದೆ ಊದುಬತ್ತಿ ಹಚ್ಚಿ ಅರ್ಧ ತಾಸು ಕೂತಿದ್ದರು. ಕ್ಯಾಂಪಿಗೆ ಆ ವರ್ಷವೇ ಮೊದಲ ಕಂಪ್ಯೂಟರು ಬಂದಿತ್ತು. ಅದಕ್ಕೆ ಒಂದು ಕೋಣೆ, ಕೋಣೆಗೆ ಪರದೆ, ಚಪ್ಪಲಿ ಹೊರಗೆ. ಬಿಸಿಲು ಕಾಲದಲ್ಲಿ ನಮಗಿಲ್ಲದ ಕೂಲರ್ ಅದಕ್ಕಿತ್ತು. ಅದನ್ನು ಮುಟ್ಟುವ ಅಪ್ಪಣೆ ಇದ್ದದ್ದು ನನಗೆ ಮತ್ತು ನಮ್ಮ ಸಾಹೇಬರಿಗೆ. ಸಾಹೇಬರು ಮೈಸೂರು ಕಡೆಯವರು, ಮಾತು ಮೆತ್ತಗೆ, ಯಾವಾಗಲೂ "ನೋಡಮ್ಮಾ" ಎಂದೇ ಶುರು.

ಕೆಲಸ ಇಷ್ಟೇ. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಪ್ರತಿ ತೂಬಿನ ಮುಂದೆ ಒಂದು ಸಣ್ಣ ಕಟ್ಟೆ, ಅದರ ಪಕ್ಕ ಸೆಂಟಿಮೀಟರಿನ ಗೆರೆ ಕೊರೆದ ಗೇಜು ಪಟ್ಟಿ. ಕಟ್ಟೆಯ ಅಂಚಿನ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತದೆಂದು ನೋಡಿದರೆ ಎಷ್ಟು ನೀರು ಹೋಗುತ್ತಿದೆ ಎಂದು ಹೇಳಬಹುದು. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರ ವರ್ಗಮೂಲದಿಂದ ಗುಣಿಸಿ, ಆ ಕಟ್ಟೆಯ ಅಗಲದ ಲೆಕ್ಕ ಸೇರಿಸಿದರಾಯಿತು. ಇಂಥ ಎತ್ತರಕ್ಕೆ ಇಷ್ಟು ನೀರು ಎಂಬ ಪಟ್ಟಿಗಳನ್ನು ಮೊದಲು ಡ್ರಾಫ್ಟ್‌ಮನ್ನರು ಕೈಯಲ್ಲಿ ಹಾಕಿದ್ದರು. ಅವು ಹರಿದಿದ್ದವು, ಎಣ್ಣೆ ಹತ್ತಿ ಅಂಕಿ ಕಾಣುತ್ತಿರಲಿಲ್ಲ. ಎಲ್ಲ ತೂಬಿಗೂ ಹೊಸ ಪಟ್ಟಿ ಅಚ್ಚು ಹಾಕಿಸಬೇಕು.

ಆ ಮಿಷನ್ನಿಗೆ ಗುಣಾಕಾರ ಬರುತ್ತಿತ್ತು, ವರ್ಗಮೂಲವೆಂದರೆ ಎತ್ತು ಏರು ಹತ್ತಿದಂತೆ. ನೂರಾರು ತೂಬು, ಒಂದೊಂದಕ್ಕೂ ಪುಟಗಟ್ಟಲೆ ಸಾಲು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಎರಡು ವಾರ ಹೀಗೆ ಒದ್ದಾಡಿ ನಾನೊಂದು ಜಾಣತನ ಮಾಡಿದೆ. ಹದಿನಾರು ಸೆಂಟಿಗೊಂದರಂತೆ ಸರಿಯಾದ ಉತ್ತರಗಳನ್ನು ಮೊದಲೇ ತುಂಬಿಟ್ಟು, ನಡುವಿನ ಎತ್ತರ ಬಂದಾಗ ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದು ಉತ್ತರ ಹೇಳುವ ಫಂಕ್ಷನ್ ಬರೆದೆ. ತಾಸುಗಟ್ಟಲೆ ಹಿಡಿಯುತ್ತಿದ್ದ ಪಟ್ಟಿ ಚಹಾ ಕುಡಿದು ಬರುವುದರೊಳಗೆ ಮುಗಿಯತೊಡಗಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಇನ್ನು ಅದನ್ನು ಪರೀಕ್ಷೆ ಮಾಡಬೇಕಲ್ಲ. ನಿಧಾನದ ಲೆಕ್ಕದ ಉತ್ತರ ಒಂದು ಕಡೆ, ನನ್ನ ಫಂಕ್ಷನ್ನಿನ ಉತ್ತರ ಇನ್ನೊಂದು ಕಡೆ, ಎರಡೂ ಸಮ ಇದ್ದರೆ ಸರಿ ಎಂದು ಬರೆದೆ. ಒಂದೂ ಸರಿ ಬರಲಿಲ್ಲ. ನಾನೇ ತುಂಬಿಟ್ಟ 0.064 ಎಂಬ ಉತ್ತರವೂ ತಪ್ಪು ಎಂದು ಬಂತು, ಯಾಕೆಂದರೆ ಆ ಕಡೆಯಿಂದ 0.0639999 ಬಂದಿತ್ತು. ಆಗ ಗೊತ್ತಾಯಿತು, ಒಂದಿಷ್ಟು ಮಿತಿ ಬಿಡಬೇಕು ಎಂದು. 0.001 ಬಿಟ್ಟೆ. ಬಾಲ ಕತ್ತರಿಸಿದ ತಪ್ಪುಗಳೆಲ್ಲ ಮಾಯವಾದವು, ಆದರೆ ಅರ್ಧಕ್ಕಿಂತ ಹೆಚ್ಚು ಸಾಲು ಇನ್ನೂ ತಪ್ಪು. ಅವು ಮಿಷನ್ನಿನ ತಪ್ಪಲ್ಲ, ನನ್ನ ನೇರ ಗೆರೆಯ ತಪ್ಪು. ಅದು ನನಗೆ ಗೊತ್ತಿತ್ತು.

ಸಾಹೇಬರು ಬಂದು ಹಿಂದೆ ನಿಂತರು. "ನೋಡಮ್ಮಾ, ನಾಡಿದ್ದು ಮೇಲಿನವರು ಬರ್ತಾರೆ. ಇದನ್ನ ಹೆಂಗೆ ತೋರಿಸೋದು? ಕಾಲುವೇಲಿ ಹರಿಯೋ ನೀರಿಗೆ ಸಾವಿರದ ಲೆಕ್ಕ ಹಿಡ್ಕೊಂಡು ಕೂತ್ರೆ ಆಗುತ್ತಾ? ಸ್ವಲ್ಪ ಸಡಿಲ ಬಿಡಿ."

ನಾನು ಒಂದು ಸೊನ್ನೆ ಅಳಿಸಿದೆ. 0.001 ಇದ್ದದ್ದು 0.01 ಆಯಿತು. ಮತ್ತೆ ಓಡಿಸಿದೆ. ಸರಿ, ಸರಿ, ಸರಿ ಎಂದು ಪ್ರಿಂಟರು ಕರಕರ ಹೊಡೆಯಿತು. ಒಂದು ಸಾಲೂ ತಪ್ಪಿಲ್ಲ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಎಷ್ಟು ಎಂದು ಕೆಳಗೆ ಅಚ್ಚಾಗಿತ್ತು: 0.0095. ಮಿತಿಯ ಅಂಚಿಗೆ ಬಂದು ನಿಂತಿದೆ, ಅದೂ ಎಲ್ಲಕ್ಕಿಂತ ಸಣ್ಣ ಎತ್ತರಗಳಲ್ಲಿ. ಕಣ್ಣಿಗೆ ಬಿತ್ತು. ಬಿತ್ತು ಎಂದು ಬರೆಯಲೇಬೇಕು. ನೋಡಿದೆ, ಪುಟ ಮಡಚಿದೆ, "ಪರೀಕ್ಷಿಸಲಾಗಿದೆ, ವ್ಯತ್ಯಾಸ ನಗಣ್ಯ" ಎಂದು ಬರೆದು ಸಹಿ ಹಾಕಿದೆ. ಸಡಿಲ ಬಿಡಿ ಎಂದು ಸಾಹೇಬರು ಹೇಳಿದ್ದು ಖರೆ. ಕೀಲಿ ಒತ್ತಿದ ಬೆರಳು ನನ್ನದು.

ಆ ಮಿತಿಯಲ್ಲಿ ಏನು ಕೆಟ್ಟಿತ್ತು ಎಂಬುದನ್ನು ಈಗ ಮೊದಲ ವರ್ಷದ ಮಕ್ಕಳಿಗೂ ಹೇಳಿಕೊಡುತ್ತೇನೆ. ಒಂದು ಮೀಟರು ಎತ್ತರ ಹರಿಯುವ ದೊಡ್ಡ ಕಾಲುವೆಗೆ 0.01 ಎಂದರೆ ನೂರು ಬಿಂದಿಗೆಯಲ್ಲಿ ಒಂದು ಬಿಂದಿಗೆ. ನಾಲ್ಕು ಸೆಂಟಿ ಹರಿಯುವ ಕೊನೆಯ ತೂಬಿಗೆ? 0.04ರ ವರ್ಗಮೂಲ 0.2, ಗುಣಿಸಿದರೆ 0.008. ಅಲ್ಲಿ ಇರುವ ನೀರೇ 0.008. ನನ್ನ ನೇರ ಗೆರೆ ಹೇಳುತ್ತಿದ್ದದ್ದು 0.016. ಸರಿಯಾಗಿ ಎರಡರಷ್ಟು. ವ್ಯತ್ಯಾಸ 0.008, ಮಿತಿ 0.01, ಆದ್ದರಿಂದ ಪಾಸು. ಅಲ್ಲಿ ನೀರೇ ಇಲ್ಲ, ಉತ್ತರ ಸೊನ್ನೆ ಎಂದಿದ್ದರೂ ನನ್ನ ಪರೀಕ್ಷೆ ಪಾಸು ಎನ್ನುತ್ತಿತ್ತು. ತಪ್ಪನ್ನು ಅಳೆಯುವಾಗ ಅದನ್ನು ಉತ್ತರದ ಪಕ್ಕದಲ್ಲಿಟ್ಟು ಅಳೆಯಬೇಕು, ಸಣ್ಣ ಉತ್ತರಕ್ಕೆ ಸಣ್ಣ ಮಿತಿ. ಇಷ್ಟು ತಿಳಿಯದ ದಡ್ಡಿ ನಾನಾಗಿರಲಿಲ್ಲ. ಯೋಚಿಸಲಿಲ್ಲ, ಅಷ್ಟೆ.

ಪಟ್ಟಿಗಳು ತೂಬುಗಳಿಗೆ ಹೋದವು. ಗೇಟು ತಿರುಗಿಸಿ ಗೇಜು ನೋಡುವ ಆಳಿಗೆ ನಮ್ಮ ಕಡೆ ಲಸ್ಕರ್ ಎನ್ನುತ್ತಾರೆ. ಪ್ರತಿ ತೂಬಿನ ಪಾಲು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಪಟ್ಟಿ ನೋಡಿ ಅಷ್ಟು ನೀರಿಗೆ ಗೇಜು ಎಷ್ಟಿರಬೇಕೋ ಅಲ್ಲಿಗೆ ಗೇಟು ನಿಲ್ಲಿಸುವುದು ಅವರ ಕೆಲಸ. ಕೊನೆಯ ತೂಬುಗಳಿಗೆ ಹಳೇ ಪಟ್ಟಿಯಲ್ಲಿ ಆರು ಸೆಂಟಿ, ಮೇಲೊಂದು ನೂಲು. ಹೊಸದರಲ್ಲಿ ನಾಲ್ಕು ಸೆಂಟಿ ಸಾಕು ಎಂದಿತ್ತು. ಬಹಳ ಲಸ್ಕರರು ಏನು ಮಾಡಿದರು ಗೊತ್ತೆ? ಹೊಸ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ, ಮೊದಲಿನ ಗೆರೆಗೇ ನೀರು ಬಿಟ್ಟು, ಪುಸ್ತಕದಲ್ಲಿ ಮಾತ್ರ ನಾಲ್ಕು ಎಂದು ಬರೆದರು. ಅವರ ಊರಿನ ಬೆಳೆ ಉಳಿಯಿತು. ಹುಕುಂ ಎಂದರೆ ಹುಕುಂ ಎಂದು ನಂಬಿದವನು ಒಬ್ಬನೇ. ಸಾಬಣ್ಣ.

ಸಾಬಣ್ಣನಿಗೆ ಆಗ ನಲವತ್ತರ ಮೇಲಿರಬಹುದು. ಕುರುಬರವನು. ಇದ್ದ ಹತ್ತು ಕುರಿ ತಮ್ಮನಿಗೆ ಬಿಟ್ಟು ಕಾಲುವೆಯ ದಿನಗೂಲಿ ಸೇರಿದ್ದ, ಮುಂದೆ ಕಾಯಂ ಆಗುತ್ತದೆ ಎಂಬ ಆಸೆಯಲ್ಲಿ. ಕಾಲುವೆಯ ತುದಿಯ ಊರಿನವನು. ಆ ಊರಿನ ತೂಬೇ ಅವನ ಕೈಯಲ್ಲಿತ್ತು, ತೂಬಿನ ಪಕ್ಕದ ತಗಡಿನ ಶೆಡ್ಡಿನಲ್ಲೇ ಅವನೂ ಹೆಂಡತಿ ನಾಗಮ್ಮನೂ ಇರುತ್ತಿದ್ದರು. ಹೊಸ ಪಟ್ಟಿ ಬಂದ ದಿನ ಅವನು ಗೇಟಿನ ಕೆಳಗೆ ಒಂದು ಕಲ್ಲು ಕೊಟ್ಟು, ಗೇಜು ನಾಲ್ಕಕ್ಕೆ ಬಂದು ನಿಲ್ಲುವ ಹಾಗೆ ಮಾಡಿ, ಆ ಕಲ್ಲು ಅಲುಗಾಡದಂತೆ ದಿನಾ ಎರಡು ಸಲ ನೋಡಿ ಬರುತ್ತಿದ್ದನಂತೆ.

ಹದಿನೈದು ದಿನಕ್ಕೆ ಕ್ಯಾಂಪಿಗೆ ನಡೆದು ಬಂದ. ಪರದೆಯ ಹೊರಗೆ ಚಪ್ಪಲಿ ಬಿಟ್ಟು, ಟವೆಲ್ಲಿನಿಂದ ಕಾಲ ಧೂಳು ಒರೆಸಿಕೊಂಡು ಒಳಗೆ ಬಂದು ಗೋಡೆಯ ಪಕ್ಕ ನಿಂತ. ಆಫೀಸಿನ ಹೆಂಗಸೆಂದು ನನ್ನನ್ನು ಬಾಯಾರು ಎನ್ನುತ್ತಿದ್ದ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಿಷನ್ನು ಸುಳ್ಳ ಹೇಳಾಕತ್ತದ."

ನನಗೆ ನಗು ಬಂತು. "ಹೆಂಗ ಸುಳ್ಳಂತಿ ಸಾಬಣ್ಣ?"

"ನಾ ಸಾಲಿ ಕಲತಾವಲ್ರಿ. ಆದ್ರ ನೀರು ನನಗ ಗೊತ್ತದ. ಆರು ಸೆಂಟಿ ಬಿಟ್ಟಾಗ ನನ್ನ ಶೆಡ್ಡಿನ ಮುಂದಿನ ಮಡಿ ತುಂಬೂದ್ರಾಗ ನಾಗಿ ಹನ್ನೆರಡು ರೊಟ್ಟಿ ಬಡಿತಿದ್ಲು. ಕಾಲುವಿ ಕೂಲಿಯವರಿಗೆಲ್ಲಾ ಅಕಿನ ರೊಟ್ಟಿ ಕೊಡ್ತಾಳ್ರಿ, ದಿನಾ ಬಡಿಯೂದು ಅದs ಕೆಲಸ, ಅಕಿ ಕೈ ತಪ್ಪಂಗಿಲ್ಲ. ಈಗ ಇಪ್ಪತ್ನಾಕು ಬಡದ್ರೂ ಮಡಿ ಮೂಲಿ ತೊಯ್ಯವಲ್ದು. ಪಾಲು ಅಷ್ಟs ಅದ ಅಂತದ ನಿಮ್ಮ ಪಟ್ಟಿ. ನೀರು ಅರ್ಧ ಆಗ್ಯಾವ್ರಿ."

ಅವನು ನಿಖರವಾಗಿ ಹೇಳಿದ್ದ. ಅರ್ಧ. ಪುಸ್ತಕದ ಲೆಕ್ಕ ಕಲಿಯದವನು ಹಂಚಿನ ಮೇಲಿನ ರೊಟ್ಟಿಯಿಂದ ನನ್ನ ಫಂಕ್ಷನ್ನನ್ನು ಪರೀಕ್ಷೆ ಮಾಡಿ, ಫೇಲು ಎಂದು ಬಂದು ಹೇಳಿದ್ದ. ನಾನು ಸಹಿ ಹಾಕಿದ್ದ ಹಾಳೆ ತೆಗೆದು ಅವನಿಗೆ ತೋರಿಸಿದೆ. "ಎಲ್ಲಾ ಪರೀಕ್ಷಾ ಆಗ್ಯದ. ಒಂದೂ ತಪ್ಪಿಲ್ಲ. ರೊಟ್ಟಿ ಲೆಕ್ಕ ಹೇಳಿದ್ರ ಯಾರು ಕೇಳ್ತಾರ? ಕಾಲುವಿ ಎಲ್ಲರೆ ಒಡದದೇನು ನೋಡು ಹೋಗು."

ಅಂಕಿ ಬಿಟ್ಟರೆ ಬೇರೇನೂ ಓದಲು ಬಾರದ ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿದ. "ಹಂಗಂದ್ರ ಹಂಗs ಇರಬೇಕ್ರಿ" ಎಂದು ಹೊರಟುಹೋದ. ಎರಡು ದಿನ ಹೊಲಗಾಲುವೆಯ ಉದ್ದಕ್ಕೂ ಒಡಕು ಹುಡುಕಿದನಂತೆ. ನಾನು ಹೇಳಿದ್ದೆನಲ್ಲ.

ಆ ವರ್ಷ ಹಿಂಗಾರಿನ ಮೋಡ ಸುರಪುರದ ಗುಡ್ಡದ ತನಕ ಬಂದು ಹಿಂದಿರುಗಿತು. ಚಳಿಯ ಜೊತೆ ಒಣಗಾಳಿ. ಶೇಂಗಾ ಹೂ ಬಿಟ್ಟು ಕಾಯಿ ನೆಲಕ್ಕಿಳಿಯುವ ಹೊತ್ತು. ನೆಲ ಗಟ್ಟಿಯಾದರೆ ಕಾಯಿ ಒಳಗೆ ಹೋಗಲಾರದು, ನೀರು ಬೇಕೇ ಬೇಕು. ಮೇಲಿನ ಊರುಗಳಲ್ಲಿ ಹಸಿರು, ಸಾಬಣ್ಣನ ಊರಿನಲ್ಲಿ ಎಲೆ ಸುತ್ತಿಕೊಂಡು ಬೂದಿ ಬಣ್ಣ. ಊರವರು ಕ್ಯಾಂಪಿಗೆ ಬಂದು ಕೇಳಿದರು. ನಮ್ಮವರು ಗೇಜು ಪುಸ್ತಕ ತೆಗೆದು ತೋರಿಸಿದರು: ದಿನಾ ನಾಲ್ಕು ಸೆಂಟಿ, ಹೊಸ ಪಟ್ಟಿಯ ಪ್ರಕಾರ ನಿಮ್ಮ ಪಾಲು ಪೂರ್ತಿ ಬಂದಿದೆ. ಹಾಗಾದರೆ ತೂಬು ದಾಟಿದ ಅರ್ಧ ನೀರು ಎಲ್ಲಿ ಹೋಯಿತು? ತೂಬಿನ ಪಕ್ಕದಲ್ಲಿ ಯಾರು ಮಲಗುತ್ತಾರೆ? ಉತ್ತರ ಅವರೇ ಹುಡುಕಿಕೊಂಡರು. ಸಾಬಣ್ಣ ನೀರು ಮಾರಿಕೊಂಡಾನ.

ಮೊದಲು ಮಾತು ಬಿಟ್ಟರು. ಆಮೇಲೆ ನಾಗಮ್ಮ ಊರ ಬಾವಿಗೆ ಹೋದರೆ ಹಗ್ಗ ಎಳೆದುಕೊಂಡರು. ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ ಅವನನ್ನು ಹೊರಗೆಳೆದು ಹೊಡೆದರು. ಹೊಡೆದವರಲ್ಲಿ ಅವನ ಸ್ವಂತ ತಮ್ಮನೂ ಇದ್ದ. ಈ ಸುದ್ದಿ ಕ್ಯಾಂಪಿಗೆ ಬಂದಾಗ ನಾನು ಊಟದ ಡಬ್ಬಿ ಬಿಚ್ಚಿದ್ದೆ. ಅಮ್ಮ ಕಟ್ಟಿಕೊಟ್ಟ ರೊಟ್ಟಿ ಎರಡು ಮಡಿಕೆಯಾಗಿ ಕೂತಿತ್ತು. ಅದನ್ನು ನೋಡುತ್ತಿದ್ದಂತೆ ಹನ್ನೆರಡು, ಇಪ್ಪತ್ನಾಲ್ಕು ಎಂಬ ಮಾತು ಕಿವಿಯೊಳಗೆ ಬಂದು ಕೂತುಬಿಟ್ಟಿತು. ಡಬ್ಬಿ ಮುಚ್ಚಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಆ ತೂಬಿಗೆ ಹೋದೆ. ಸಾಬಣ್ಣನ ಒಂದು ಕಣ್ಣು ಊದಿ ಮುಚ್ಚಿತ್ತು. ನನ್ನನ್ನು ನೋಡಿ ಎದ್ದು ನಿಂತು, "ನಾಗಿ, ಬಾಯಾರಿಗೆ ಚಾ ಮಾಡು" ಎಂದ. ಚಹಾ ಬೇಡ, ರೊಟ್ಟಿ ಬಡಿಯಿರಿ ಎಂದೆ. ನಾಗಮ್ಮ ಒಲೆ ಹೊತ್ತಿಸಿ ಹಿಟ್ಟು ನಾದಿದಳು. ಸಾಬಣ್ಣ ಗೇಟು ಎತ್ತಿ, ಗೇಜು ಆರಕ್ಕೆ, ಮೇಲೊಂದು ನೂಲಿಗೆ ತಂದು ನಿಲ್ಲಿಸಿ, ಮಡಿಯ ಬಾಯಿ ತೆಗೆದ. ನಾನು ಗಡಿಯಾರ ಹಿಡಿದು ಕೂತೆ. ಹನ್ನೆರಡನೆಯ ರೊಟ್ಟಿ ಹಂಚಿನಿಂದ ಇಳಿಯುವ ಹೊತ್ತಿಗೆ ಮಡಿಯ ನಾಲ್ಕೂ ಮೂಲೆಯಲ್ಲಿ ನೀರು ಕೂಡಿತ್ತು. ಆಮೇಲೆ ಅಷ್ಟೇ ಅಗಲದ ಪಕ್ಕದ ಮಡಿಗೆ ನಾಲ್ಕು ಸೆಂಟಿಯಲ್ಲಿ ಬಿಟ್ಟೆವು. ಇಪ್ಪತ್ನಾಲ್ಕು ಆಯಿತು, ಇಪ್ಪತ್ತೈದನೆಯದು ಬೆಂದಾಗ ಮೂಲೆ ತೊಯ್ದಿತು. ಸಂಚಿಯಲ್ಲಿದ್ದ ಕಾಗದ ತೆಗೆದು ಅಲ್ಲೇ ಕೈಯಲ್ಲಿ ಲೆಕ್ಕ ಹಾಕಿದೆ. 0.008. ನನ್ನ ಪಟ್ಟಿ ನೋಡಿದೆ. 0.016.

"ತಪ್ಪು ನಂದದ ಸಾಬಣ್ಣ" ಎಂದೆ.

ಅವನ ಒಂದು ಕಣ್ಣಲ್ಲಿ ನೀರು ಬಂತು. "ಹಂಗಂದ್ರ ಊರವ್ರಿಗೆ ಹೇಳ್ತೀರೇನ್ರಿ?"

"ಹೇಳ್ತೀನಿ."

ನಾಗಮ್ಮ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು.

ನೀರು ಮಾರಿದನೆಂಬ ದೂರಿನ ಮೇಲೆ ಮರುದಿನವೇ ಸಾಬಣ್ಣನ ವಿಚಾರಣೆ. ಮೊದಲು ಸಾಹೇಬರ ಬಳಿಗೆ ಹೋಗಿ ಎಲ್ಲ ಹೇಳಿದೆ. ಅವರು ಕಾಗದವನ್ನು ಎರಡು ಸಲ ನೋಡಿದರು. ಅವರಿಗೆ ಲೆಕ್ಕ ತಿಳಿಯದೆ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನೋಡಮ್ಮಾ, ಮಿತಿ ಸರಿ ಮಾಡಿ ಹೊಸ ಪಟ್ಟಿ ಹಾಕಿ ಕಳಿಸೋಣ. ನೀರು ನಾಳೆಯಿಂದಲೇ ಸರಿಹೋಗುತ್ತೆ. ಆದ್ರೆ ಪರೀಕ್ಷೆ ತಪ್ಪಿತ್ತು ಅಂತ ಬರೆದ್ರೆ ಈ ಹಂಗಾಮಿನ ಎಲ್ಲಾ ತೂಬಿನ ಪಾಲನ್ನೂ ಕೆದಕ್ತಾರೆ. ಸಹಿ ಯಾರದು? ನಿಮ್ಮದು. ನೀವಿನ್ನೂ ಪ್ರೊಬೇಷನ್ನಲ್ಲಿದ್ದೀರಿ. ಅವನು ದಿನಗೂಲಿ, ಇಲ್ಲಿಲ್ಲದಿದ್ರೆ ಇನ್ನೊಂದು ಕಡೆ" ಎಂದರು.

ಅವರು ಕೇಡಿಗ ಮನುಷ್ಯ ಎಂದು ಬರೆದು ನಾನು ಪಾರಾಗಬಹುದು. ಆದರೆ ಹೆದರಿದವಳು ನಾನು. ತಪ್ಪು ಮಾಡಿದಳು ಎಂದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುತ್ತಿರಲಿಲ್ಲ. ಇಂಥವರನ್ನು ಮಿಷನ್ನಿನ ಮುಂದೆ ಕೂಡಿಸಿದರೆ ಇನ್ನೇನಾಗುತ್ತದೆ ಎಂದು ನಮ್ಮ ಇಡೀ ಕೇರಿಗೆ ಮಾತು ಬರುತ್ತಿತ್ತು. ಊದುಬತ್ತಿಯ ಮುಂದೆ ಕೂತ ಅಪ್ಪ ಕಣ್ಣ ಮುಂದೆ ಬಂದರು. ಹೀಗೆಲ್ಲ ಕಾರಣ ಹೇಳಿಕೊಂಡೆ. ಕಾರಣಗಳು ಖರೆಯೇ ಇದ್ದವು, ಆದರೆ ಹೊಡೆತ ತಿಂದವನು ಸಾಬಣ್ಣ.

ವಿಚಾರಣೆ ಕ್ಯಾಂಪಿನ ಅಂಗಳದ ಬೇವಿನ ಮರದ ಕೆಳಗೆ ನಡೆಯಿತು. ಮೇಲಿನ ಅಧಿಕಾರಿ ಒಬ್ಬರು, ಊರಿನ ಹತ್ತಿಪ್ಪತ್ತು ಜನ, ನಡುವೆ ಸಾಬಣ್ಣ ಟವೆಲ್ಲು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಅವನು ರೊಟ್ಟಿ ಲೆಕ್ಕ ಹೇಳಿದ. ಕೆಲವರು ನಕ್ಕರು. "ಬಾಯಾರು ಭಾನುವಾರ ಬಂದು ಕಣ್ಣಾರೆ ನೋಡ್ಯಾರ, ಕೇಳ್ರಿ" ಎಂದ.

ಅಧಿಕಾರಿ ನನ್ನ ಕಡೆ ತಿರುಗಿದರು. "ಪಟ್ಟಿ ಪರೀಕ್ಷೆ ಆಗಿತ್ತಾ?"

"ಆಗಿತ್ತು ಸರ್."

"ಪಾಸಾ?"

ಎರಡು ಅಕ್ಷರದ ಉತ್ತರ. ಅದರಲ್ಲಿ ಸುಳ್ಳೂ ಇರಲಿಲ್ಲ. "ಪಾಸು ಸರ್" ಎಂದೆ.

ಸಾಬಣ್ಣ ನನ್ನನ್ನೇ ನೋಡುತ್ತಿದ್ದ. ಬೈದಿದ್ದರೆ, ಕಿರುಚಿದ್ದರೆ ನನಗೆ ಹಗುರಾಗುತ್ತಿತ್ತು. ಮೊದಲ ಸಲ ನನ್ನ ಹಾಳೆಯನ್ನು ನೋಡಿದ್ದನಲ್ಲ, ಓದಲು ಬಾರದ್ದನ್ನು ನೋಡುವ ಹಾಗೆ, ಹಾಗೇ ನೋಡಿದ. ಸಂಜೆಯೊಳಗೆ ಅವನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಮಿತಿ ಬದಲಿಸಿದೆ. ಉತ್ತರ ಎಷ್ಟು ದೊಡ್ಡದೋ ಅದರ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು ಎಂದು ಬರೆದೆ. ನೇರ ಗೆರೆಯ ಜಾಣತನ ಆ ಪರೀಕ್ಷೆಯಲ್ಲಿ ಮೊದಲ ಸಾಲಿಗೇ ಬಿದ್ದಿತು. ನಿಧಾನದ ಲೆಕ್ಕಕ್ಕೇ ವಾಪಸ್ಸು ಹೋಗಿ, ಕರೆಂಟಿನ ಜೊತೆ ಜಗಳವಾಡಿ, ಎಲ್ಲ ಪಟ್ಟಿ ಮತ್ತೆ ಅಚ್ಚು ಹಾಕಿದೆ. ಮೇಲೆ "ಪರಿಷ್ಕೃತ" ಎಂಬ ಒಂದೇ ಮಾತು. ಕೊನೆಯ ತೂಬಿನ ಗೇಜು ಆರಕ್ಕೆ ಏರಿತು. ಅಷ್ಟೊತ್ತಿಗೆ ಶೇಂಗಾ ಬಳ್ಳಿ ಕಿತ್ತರೆ ಬರೀ ಬೇರು ಬರುತ್ತಿತ್ತು. ಲಸ್ಕರ್ ಹೋದ ಮೇಲೆ ನೀರು ಬಂತು ನೋಡಿದಿರಾ ಎಂದು ಊರವರು ಅಂದುಕೊಂಡರಂತೆ. ನಾನು ಸರಿಪಡಿಸಿದ್ದೇ ಅವನ ಮೇಲಿನ ಕೊನೆಯ ಸಾಕ್ಷಿಯಾಯಿತು.

ಆಮೇಲೆ ಅವನು ಮೂರು ಸೋಮವಾರ ಕ್ಯಾಂಪಿಗೆ ಬಂದ. ಮೊದಲ ಸೋಮವಾರ ಗೇಟಿನ ಹತ್ತಿರ ನಾನೇ ಸಿಕ್ಕೆ. "ಕೆಲಸ ಬ್ಯಾಡ್ರಿ ಬಾಯಾರ. ಖಾಲಿ ಒಂದು ಚೀಟಿ ಬರದು ಕೊಡ್ರಿ. ಸಾಬಣ್ಣ ನೀರು ಮಾರಿಲ್ಲ ಅಂತ. ಅಷ್ಟs. ಊರಾಗ ತೋರಸ್ತೀನಿ" ಎಂದ. ನೋಡೋಣ ಎಂದೆ. ಉಳಿದೆರಡು ಸೋಮವಾರ ಅವನು ಗೇಟಿನಲ್ಲಿ ಕೂತಿದ್ದಾನೆಂದು ತಿಳಿದು ಹಿಂದಿನ ಬಾಗಿಲಿನಿಂದ ಹೋದೆ. ನಾಲ್ಕನೆಯ ಸೋಮವಾರ ಅವನು ಬರಲಿಲ್ಲ. ನಾನು ಆ ದಿನ ಮುಂದಿನ ಬಾಗಿಲಿನಿಂದಲೇ ಮನೆಗೆ ಹೋದೆ.

ಮುಂದೆ ನಾನು ಕಾಲುವೆ ಬಿಟ್ಟು ಪಾಠಕ್ಕೆ ಬಂದೆ. ಅಪ್ಪ ತೀರಿಕೊಂಡರು. ಇಷ್ಟು ವರ್ಷದಲ್ಲಿ ಯಾದಗಿರಿಯಿಂದ ಶಹಾಪುರದ ಬಸ್ಸು ಹತ್ತಿದಾಗೆಲ್ಲ ಕಾಲುವೆ ಕಾಣದ ಕಡೆಯ ಸೀಟು ಹುಡುಕಿ ಕೂತಿದ್ದೇನೆ. ರೇಣುಕಾಳನ್ನು ಗದರಿದ ಆ ವಾರ ಮಾತ್ರ ಇನ್ನು ತಡೆಯಲಾಗಲಿಲ್ಲ. ಒಂದು ಹಾಳೆ ಬರೆದೆ. ರಜೆ ಹಾಕಿ ಹೊರಟೆ.

ಶೆಡ್ಡು ಇರಲಿಲ್ಲ. ತೂಬು ಇತ್ತು, ಗೇಜು ಪಟ್ಟಿಯ ಗೆರೆಗಳು ಪಾಚಿಯಲ್ಲಿ ಮುಚ್ಚಿಹೋಗಿದ್ದವು. ಈಗ ಅಲ್ಲೆಲ್ಲ ಭತ್ತ. ನಾಗಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ದಾರಿಯಲ್ಲಿ ಸಿಕ್ಕ ಹೆಂಗಸು "ಆ ನೀರು ಮಾರಿದವನ ಹೇಣ್ತಿಯೇನ್ರಿ?" ಎಂದಳು. ಆಕೆಗೆ ವಯಸ್ಸು ಇಪ್ಪತ್ತೈದು ಇದ್ದೀತು. ಆ ಹಿಂಗಾರಿನಲ್ಲಿ ಅವಳಿನ್ನೂ ಹುಟ್ಟಿರಲಿಲ್ಲ.

ನಾಗಮ್ಮ ಊರ ಅಂಚಿನ ಒಂದೇ ಖೋಲಿಯ ಮನೆಯಲ್ಲಿದ್ದಾಳೆ. ಒಲೆಯ ಮುಂದೆ ಕೂತಿದ್ದಳು. ಶಹಾಪುರದ ಖಾನಾವಳಿಗೆ ಈಗಲೂ ರೊಟ್ಟಿ ಬಡಿದು ಕೊಡುತ್ತಾಳೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಹಿಟ್ಟಿನ ಕೈ ಹಾಗೇ ಹಿಡಿದು, "ಬಾಯಾರ ಅದೀರಿ" ಎಂದಳು. ಗುರುತು ಕೇಳಲಿಲ್ಲ, ಅಚ್ಚರಿಯೂ ಪಡಲಿಲ್ಲ. ಮಣೆ ಕೊಟ್ಟಳು.

ಸಾಬಣ್ಣ ಹೋಗಿ ಹನ್ನೊಂದು ವರ್ಷವಾಯಿತಂತೆ. ಶಹಾಪುರದ ಗುಡ್ಡದ ಕಡೆ ಕಲ್ಲು ಒಡೆಯುವ ಕೆಲಸ ಮಾಡಿ, ಎದೆಗೆ ಧೂಳು ಕೂತು ಕೆಮ್ಮಿ ಕೆಮ್ಮಿ ಹೋದ. ಊರಲ್ಲೇ ಮಣ್ಣು ಮಾಡಬೇಕೆಂದು ಅವನ ಆಸೆ. ನಾಗಮ್ಮ ಹೆಣವನ್ನು ಊರಿಗೇ ತಂದಳು. "ಹೆಗಲ ಕೊಡಾಕ ಊರಾಗಿನ ನಾಕು ಮಂದಿ ಬರಲಿಲ್ರಿ. ಅವನ ತಮ್ಮನೂ ಬಾಗಲಾ ಹಾಕ್ಕೊಂಡ. ಕಲ್ಲಿನ ಕೆಲಸದಾಗ ಜೋಡಿ ಇದ್ದ ಮಂದಿ ಟ್ರ್ಯಾಕ್ಟರ್ ತಂದು ಒಯ್ದ್ರು" ಎಂದು, ಬೇರೆ ಯಾರದೋ ಕತೆ ಹೇಳುವ ಹಾಗೆ ಹೇಳಿದಳು. ಕೂತು ಅತ್ತೆ. ಅವಳು ಅಳಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತೆಂದು ತಿರುವಿ ಹಾಕಿದಳು.

"ಒಂದ ಮಾತು ಕೇಳ್ತೀನ್ರಿ" ಎಂದಳು. "ಅವತ್ತು ನಿಮ್ಮ ಮಿಷನ್ನಿನಾಗ ಎಷ್ಟು ತಪ್ಪಿತ್ತು? ಭಾಳ ತಪ್ಪಿತ್ತೇನು?"

"ಎಂಟು" ಎಂದೆ. "ಸಾವಿರದಾಗ ಎಂಟು."

ಅವಳು ಯೋಚಿಸಿದಳು. "ಅಂದ್ರ ಎಷ್ಟು ರೊಟ್ಟಿರಿ?"

"ಹನ್ನೆರಡು."

"ಹಂಗನ್ರಿ ಮತ್ತ" ಎಂದಳು. "ಹನ್ನೆರಡು ರೊಟ್ಟಿ ತಪ್ಪು ಸಣ್ಣದೇನ್ರಿ? ನಮ್ಮಿಬ್ಬರದು ಎರಡು ದಿನದ ಊಟ ಆಗ್ತಿತ್ತು."

ಸಂಚಿಯಿಂದ ಹಾಳೆ ತೆಗೆದು ಕೊಟ್ಟೆ. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಮತ್ತೆ ನನಗೇ ಕೊಟ್ಟಳು. "ನನಗೆಲ್ಲಿ ಓದಾಕ ಬರ್ತದ? ನೀವs ಓದ್ರಿ."

ಓದತೊಡಗಿದೆ. ಗೇಜು ಪಟ್ಟಿಯನ್ನು ಪರೀಕ್ಷಿಸಿದವಳು ನಾನು. ಪರೀಕ್ಷೆಯ ಮಿತಿಯನ್ನು ತಪ್ಪಾಗಿ ಇಟ್ಟವಳು ನಾನು. ತೂಬಿನಲ್ಲಿ ನೀರು ಅರ್ಧ ಬಂದದ್ದು ಅದರಿಂದ. ಲಸ್ಕರ್ ಸಾಬಣ್ಣ ನೀರು ಮಾರಿಲ್ಲ. ದನಿ ನನಗೇ ಕೇಳಿಸುವಷ್ಟು ಮಾತ್ರ ಇತ್ತು. ನಾಗಮ್ಮ ಕೈಯೆತ್ತಿ ನಿಲ್ಲಿಸಿದಳು. ಎದ್ದು ಹೋಗಿ ಅರ್ಧ ಹಾಕಿದ್ದ ಬಾಗಿಲನ್ನು ಪೂರ್ತಿ ತೆಗೆದಳು. ಎದುರಿನ ಕಟ್ಟೆಯ ಮೇಲೆ ಮೂವರು ಹೆಂಗಸರು ಕಾಳು ಹಸನು ಮಾಡುತ್ತಿದ್ದರು, ಅವರ ಪಕ್ಕ ಗೋಡೆಗೊರಗಿ ಒಬ್ಬ ಮುದುಕ ಕೂತಿದ್ದ.

"ಅವ ನನ್ನ ಮೈದುನ" ಎಂದಳು. "ಮೊದಲಿಂದ ಓದ್ರಿ ಬಾಯಾರ. ಜೋರಾಗಿ ಓದ್ರಿ."

ನಾನು ಹೊಸ್ತಿಲಿಗೆ ಬಂದು ನಿಂತು ಮೊದಲಿನಿಂದ ಓದಿದೆ.